ಕಟ್ಟಡವೇ ಇಲ್ಲದ ಕಡೆ ಕಟ್ಟಡ ನೋಡುವುದು ಹೇಗೆ

ವಾಸ್ತುಶಿಲ್ಪದ ಇತಿಹಾಸಕ್ಕೆಂದೇ ಮೀಸಲಾದ ವಸ್ತುಸಂಗ್ರಹಾಲಯದಲ್ಲಿ ಮೊದಲು ಎದುರಾಗುವುದು ಒಂದು ಕೊರತೆ. ಚಿತ್ರಕಲೆಯ ಸಂಗ್ರಹಾಲಯದಲ್ಲಿ ಚಿತ್ರವೇ ಗೋಡೆಯ ಮೇಲಿರುತ್ತದೆ, ನಾಣ್ಯಗಳ ಸಂಗ್ರಹಾಲಯದಲ್ಲಿ ನಾಣ್ಯವೇ ಗಾಜಿನ ಕೆಳಗಿರುತ್ತದೆ. ಇಲ್ಲಿ ಮಾತ್ರ ನಾವು ನೋಡಲು ಬಂದದ್ದೇ ಇರುವುದಿಲ್ಲ. ದೇವಾಲಯ, ಅರಮನೆ, ಸೇತುವೆ, ರೈಲು ನಿಲ್ದಾಣ ಎಲ್ಲವೂ ಬೇರೆಲ್ಲೋ ನಿಂತಿವೆ, ಇಲ್ಲವೇ ಎಂದೋ ಬಿದ್ದುಹೋಗಿವೆ. ಇಲ್ಲಿರುವುದು ಅವುಗಳ ನಕ್ಷೆ, ಮಾದರಿ, ಮೂಲದ ಮೇಲಿಂದ ಪ್ಲಾಸ್ಟರಿನಲ್ಲಿ ತೆಗೆದ ಅಚ್ಚು, ಒಡೆದ ಕಲ್ಲು, ಛಾಯಾಚಿತ್ರ. ಬಹಳ ಜನ ಅರ್ಧ ಗಂಟೆಯಲ್ಲಿ ಒಂದು ಸುತ್ತು ಹಾಕಿ ಹೊರಬಂದುಬಿಡುವುದು ಇದೇ ಕಾರಣಕ್ಕೆ. ನಾನು ಕಟ್ಟಡಗಳ ನಕ್ಷೆ ಬರೆದು ಬದುಕುವವಳು. ಇಂಥ ಸಂಗ್ರಹಾಲಯಗಳೆಂದರೆ ನನಗೆ ಪ್ರಾಣ. ಅಲ್ಲಿ ನೋಡುವವರಿಗೆ ಇರುವ ಕೆಲಸ ಒಂದೇ: ಕಣ್ಣೆದುರಿನ ಕುರುಹುಗಳನ್ನು ಹಿಡಿದು ಕಟ್ಟಡವನ್ನು ಮನಸ್ಸಿನಲ್ಲಿ ಮತ್ತೆ ಎಬ್ಬಿಸುವುದು, ಎಬ್ಬಿಸಿ ಅದರೊಳಗೆ ನಡೆದಾಡುವುದು. ಇದಕ್ಕೆ ಪದವಿ ಬೇಕಿಲ್ಲ. ಕೆಲವು ಅಭ್ಯಾಸಗಳು ಸಾಕು.

ಹೊರಡುವ ಮುನ್ನ ನೀವು ಹೋಗುತ್ತಿರುವುದು ಯಾವ ಬಗೆಯ ಸಂಗ್ರಹಾಲಯ ಎಂದು ತಿಳಿದುಕೊಳ್ಳಿ. ಕೆಲವು ಅಚ್ಚುಗಳ ಮನೆಗಳು. ಪ್ಯಾರಿಸ್‌ನ ಶಾಯೋ ಅರಮನೆಯಲ್ಲಿರುವ ವಾಸ್ತುಶಿಲ್ಪ ಸಂಗ್ರಹಾಲಯ ಈ ಬಗೆಯದು. ವಿಯೊಲೆ ಲ ದ್ಯುಕ್ ಎಂಬ ವಾಸ್ತುಶಿಲ್ಪಿಯ ಸಲಹೆಯಿಂದ 1882ರಲ್ಲಿ ಶುರುವಾದ ಸಂಗ್ರಹ ಅದು, ಈಗಿನ ರೂಪದಲ್ಲಿ ತೆರೆದದ್ದು 2007ರಲ್ಲಿ. ಕೆಲವು ಕಾಗದದ ಖಜಾನೆಗಳು. ಮಾಂಟ್ರಿಯಲ್‌ನಲ್ಲಿ ವಾಸ್ತುಶಿಲ್ಪಿ ಫಿಲಿಸ್ ಲ್ಯಾಂಬರ್ಟ್ 1979ರಲ್ಲಿ ಸ್ಥಾಪಿಸಿದ ಕೆನಡಾದ ವಾಸ್ತುಶಿಲ್ಪ ಕೇಂದ್ರದಲ್ಲಿ ಸಂಗ್ರಹದ ಬಹುಪಾಲು ಉಗ್ರಾಣದೊಳಗಿದೆ. ಆ ಹೊತ್ತಿನ ಪ್ರದರ್ಶನಕ್ಕೆ ಬೇಕಾದಷ್ಟು ಮಾತ್ರ ಹೊರಗೆ ಬರುತ್ತದೆ. ಇನ್ನು ಲಂಡನ್‌ನ ಸರ್ ಜಾನ್ ಸೋನ್ ಸಂಗ್ರಹಾಲಯದಲ್ಲಿ ವಾಸ್ತುಶಿಲ್ಪಿಯ ಮನೆಯೇ ಪ್ರದರ್ಶನ. ಬ್ಯಾಂಕ್ ಆಫ್ ಇಂಗ್ಲೆಂಡ್ ಕಟ್ಟಿದ ಸೋನ್, ತನ್ನ ಮನೆಯೂ ಅದರೊಳಗಿನ ಸಂಗ್ರಹವೂ ತಾನು ಬಿಟ್ಟುಹೋದಂತೆಯೇ ಉಳಿಯಬೇಕೆಂದು 1833ರಲ್ಲಿ ಸಂಸತ್ತಿನಿಂದ ಕಾಯ್ದೆಯನ್ನೇ ಮಾಡಿಸಿಕೊಂಡಿದ್ದ. ಅಚ್ಚಿನ ಮನೆಗೆ ಕಾಲಿನ ಶಕ್ತಿ ಬೇಕು, ಕಾಗದದ ಮನೆಗೆ ಕಣ್ಣಿನ ಶಕ್ತಿ, ಸೋನ್ ಮನೆಯಂಥದ್ದಕ್ಕೆ ಹಗಲು ಬೆಳಕು. ಅಲ್ಲಿನ ಕೋಣೆಗಳು ಮೇಲಿನ ಗಾಜಿನ ಕಿಂಡಿಗಳಿಂದ ಇಳಿಯುವ ಬಿಸಿಲನ್ನೇ ನಂಬಿಕೊಂಡಿವೆ, ಕೆಲವು ಕಿಂಡಿಗಳಿಗೆ ಹಳದಿ ಗಾಜು ಹಾಕಿದೆ. ಮೋಡ ಕವಿದ ಸಂಜೆ ಹೋದರೆ ಅರ್ಧ ಮನೆಯಷ್ಟೇ ಕಂಡಂತೆ.

ತೆರೆದಿರುವ ದಿನ ನೋಡಿಕೊಳ್ಳುವುದು ಎಲ್ಲರಿಗೂ ಗೊತ್ತಿರುವ ಮಾತು. ಆದರೂ ಹೇಳುತ್ತೇನೆ, ಏಕೆಂದರೆ ಇಂಥ ಸಂಗ್ರಹಾಲಯಗಳು ಹಳೆಯ ಕಟ್ಟಡಗಳಲ್ಲಿರುತ್ತವೆ, ಹಳೆಯ ಕಟ್ಟಡಗಳಿಗೆ ದುರಸ್ತಿ ತಪ್ಪಿದ್ದಲ್ಲ. ಪ್ರಾಚೀನ ಬ್ಯಾಬಿಲೋನಿನ ಇಷ್ಟಾರ್ ದ್ವಾರವನ್ನೂ ಪ್ರಾಚೀನ ಗ್ರೀಕರ ಪೆರ್ಗಮಾನ್ ಬಲಿಪೀಠವನ್ನೂ ಇಟ್ಟುಕೊಂಡಿರುವ ಬರ್ಲಿನ್‌ನ ಪೆರ್ಗಮಾನ್ ಸಂಗ್ರಹಾಲಯ 2023ರ ಅಕ್ಟೋಬರ್‌ನಲ್ಲಿ ದುರಸ್ತಿಗೆಂದು ಪೂರ್ತಿಯಾಗಿ ಬಾಗಿಲು ಹಾಕಿತು. ಪ್ಯಾರಿಸ್‌ನದಕ್ಕೆ ಮಂಗಳವಾರ ರಜೆ. ಬಾಗಿಲು ತೆರೆದಿದ್ದರೆ ಎಲ್ಲ ಕೋಣೆಯೂ ತೆರೆದಿರುತ್ತದೆಂದೂ ಅಲ್ಲ. ಸೋನ್ ಮನೆಯ ಮಾದರಿಗಳ ಕೋಣೆಗೆ ಮಾರ್ಗದರ್ಶಿಯ ಜೊತೆಗಷ್ಟೇ ಪ್ರವೇಶ, ಅದನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಜೊತೆಗೆ ಒಯ್ಯಬೇಕಾದದ್ದು ಸ್ವಲ್ಪವೇ. ಸಣ್ಣ ಪುಸ್ತಕ, ಪೆನ್ಸಿಲ್. ಮೂಲ ನಕ್ಷೆಗಳಿರುವ ಕಡೆ ಶಾಯಿ ಪೆನ್ನಿಗೆ ಸಾಮಾನ್ಯವಾಗಿ ಅವಕಾಶವಿರುವುದಿಲ್ಲ. ಬೆನ್ನಿನ ದೊಡ್ಡ ಚೀಲ ಬೇಡ. ಮಾದರಿಗಳ ನಡುವೆ ತಿರುಗುವಾಗ ನಮ್ಮ ಬೆನ್ನಿಗೆ ಕಣ್ಣಿರುವುದಿಲ್ಲ. ಇವೆಲ್ಲಕ್ಕಿಂತ ಮುಖ್ಯವಾಗಿ ನಿಮ್ಮ ಮೈಯ ಅಳತೆ ನಿಮಗೆ ಗೊತ್ತಿರಲಿ. ಗೇಣು ಎಷ್ಟು, ಮೊಳ ಎಷ್ಟು, ಎರಡೂ ಕೈ ಚಾಚಿದರೆ ಮಾರು ಎಷ್ಟು, ಕೈ ಎತ್ತಿ ನಿಂತರೆ ಬೆರಳ ತುದಿ ಎಲ್ಲಿಗೆ ಮುಟ್ಟುತ್ತದೆ, ಸಹಜವಾಗಿ ನಡೆದಾಗ ಒಂದು ಹೆಜ್ಜೆ ಎಷ್ಟು ಉದ್ದ. ಹೋಗುವ ಹಿಂದಿನ ದಿನ ಗೋಡೆಗೆ ಬೆನ್ನು ಕೊಟ್ಟು ನಿಂತು ಇವನ್ನು ಬರೆದಿಟ್ಟುಕೊಳ್ಳಿ. ಅಲ್ಲಿ ಕಾಣುವ ಅಂಕಿಗಳೆಲ್ಲ ಮೈಗೆ ತಾಗುವುದು ಈ ಅಳತೆಗಳ ಮೂಲಕವೇ.

ಒಳಗೆ ನುಗ್ಗುವ ಮುಂಚೆ ಹೊರಗೆ ಸ್ವಲ್ಪ ನಿಲ್ಲಿ. ಸಂಗ್ರಹಾಲಯದ ಕಟ್ಟಡ ಅಲ್ಲಿ ನಿಜವಾದ ಗಾತ್ರದಲ್ಲಿ ಸಿಗುವ ಒಂದು ಪ್ರದರ್ಶನ, ಅದನ್ನು ಪರಿಚಯಿಸಿಕೊಳ್ಳದೆ ದಾಟಬಾರದು. ಫ್ರಾಂಕ್‌ಫರ್ಟ್‌ನ ಜರ್ಮನ್ ವಾಸ್ತುಶಿಲ್ಪ ಸಂಗ್ರಹಾಲಯ ಹೊರಗಿನಿಂದ ನದಿ ದಂಡೆಯ ಒಂದು ಹಳೆಯ ಬಂಗಲೆ. ಓಸ್ವಾಲ್ಡ್ ಮಥಿಯಾಸ್ ಉಂಗರ್ಸ್ ಎಂಬ ವಾಸ್ತುಶಿಲ್ಪಿ ಅದರ ಒಳಗನ್ನು ತೆರವು ಮಾಡಿ, ಮನೆಯೊಳಗೆ ಬಿಳಿಯ ಇನ್ನೊಂದು ಮನೆಯನ್ನು ಎಬ್ಬಿಸಿದ. 1984ರಲ್ಲಿ ಅದು ತೆರೆಯಿತು. ಕೆಳಗಿನ ಅಂತಸ್ತಿನಲ್ಲಿ ಬರೀ ನಾಲ್ಕು ಕಂಬಗಳಾಗಿ ಶುರುವಾಗುವ ಆ ಒಳಮನೆ ಮೇಲೇರಿದಂತೆ ಗೋಡೆ, ಮಾಡುಗಳನ್ನು ಪಡೆದುಕೊಳ್ಳುತ್ತದೆ. ಇದನ್ನು ಗಮನಿಸುತ್ತ ಮೆಟ್ಟಿಲು ಹತ್ತಿದವರಿಗೆ ಮನೆ ಎಂದರೇನು ಎಂಬ ಪ್ರಶ್ನೆ ಫಲಕ ಓದುವ ಮೊದಲೇ ಎದ್ದಿರುತ್ತದೆ.

ಒಳಗೆ ಹೋದ ಮೇಲೆ ಎಲ್ಲವನ್ನೂ ನೋಡುವ ಆಸೆ ಬಿಡಿ. ನಾನು ಮಾಡುವುದು ಹೀಗೆ: ಮೊದಲು ಎಲ್ಲಿಯೂ ನಿಲ್ಲದೆ ಇಡೀ ಸಂಗ್ರಹಾಲಯವನ್ನು ಒಮ್ಮೆ ನಡೆದು ಬರುತ್ತೇನೆ. ಆ ಸುತ್ತಿನಲ್ಲಿ ಮನಸ್ಸನ್ನು ಹಿಡಿದೆಳೆದ ಒಂದು ಕಟ್ಟಡವನ್ನು ಆರಿಸಿಕೊಳ್ಳುತ್ತೇನೆ. ಆಮೇಲೆ ಆ ಕಟ್ಟಡ ಎಷ್ಟು ರೂಪದಲ್ಲಿ ಅಲ್ಲಿದೆಯೋ ಅಷ್ಟನ್ನೂ ಹುಡುಕಿಕೊಂಡು ಹೋಗುತ್ತೇನೆ: ನಕ್ಷೆ ಒಂದು ಕೋಣೆಯಲ್ಲಿ, ಮಾದರಿ ಇನ್ನೊಂದರಲ್ಲಿ, ಚಿತ್ರ ಮತ್ತೆಲ್ಲೋ. ಸಂಗ್ರಹಾಲಯದವರು ಕಾಲಾನುಕ್ರಮದಲ್ಲಿ ಜೋಡಿಸಿರುವುದನ್ನು ನೀವು ಅಡ್ಡಡ್ಡ ನೋಡುತ್ತೀರಿ. ಪರವಾಗಿಲ್ಲ ಬಿಡಿ, ಯಾರೂ ಏನೂ ಅನ್ನುವುದಿಲ್ಲ.

ನಕ್ಷೆಯ ಮುಂದೆ ನಿಂತಾಗ ಮೊದಲು ಬಾಗಿಲು ಹುಡುಕಿ. ಪ್ಲಾನ್ ಎಂದರೆ ಕಟ್ಟಡವನ್ನು ಸೊಂಟದ ಮೇಲಿನ ಮಟ್ಟದಲ್ಲಿ ಅಡ್ಡಕ್ಕೆ ಕತ್ತರಿಸಿ, ಮೇಲಿನ ಭಾಗ ತೆಗೆದು, ಕೆಳಗೆ ನೋಡಿದಂತೆ ಬರೆದದ್ದು. ಕತ್ತಿ ತಾಗಿದ ಗೋಡೆಗಳು ದಪ್ಪ, ಉಳಿದದ್ದು ತೆಳುಗೆರೆ. ಗೋಡೆಯ ದಪ್ಪ ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿಂದ ಒಳಗೆ ಹೋಗಿ. ಗಾಜಿನಿಂದ ಒಂದಿಷ್ಟು ದೂರ ಬೆರಳು ಹಿಡಿದು, ಬಾಗಿಲಿನಿಂದ ಪಡಸಾಲೆಗೆ, ಪಡಸಾಲೆಯಿಂದ ಮೆಟ್ಟಿಲಿಗೆ ನಡೆಯಿರಿ. ಎಲ್ಲಿ ತಿರುಗಬೇಕಾಯಿತು, ಎಲ್ಲಿ ಇಕ್ಕಟ್ಟಾಯಿತು, ಯಾವ ಕೋಣೆಗೆ ಇನ್ನೊಂದು ಕೋಣೆಯನ್ನು ಹಾಯ್ದೇ ಹೋಗಬೇಕು? ಹೀಗೆ ನಡೆದರೆ ಆ ಮನೆಯಲ್ಲಿ ಯಜಮಾನ ಎಲ್ಲಿರುತ್ತಿದ್ದ, ಕೆಲಸದವರು ಯಾವ ದಾರಿಯಲ್ಲಿ ಕಣ್ಣಿಗೆ ಬೀಳದೆ ಓಡಾಡುತ್ತಿದ್ದರು ಎಂಬುದು ತಾನಾಗಿ ತಿಳಿಯುತ್ತದೆ. ಆಮೇಲೆ ಉತ್ತರ ದಿಕ್ಕಿನ ಬಾಣ ನೋಡಿ, ಬಿಸಿಲು ಯಾವ ಕಿಟಕಿಗೆ ಯಾವಾಗ ಬೀಳುತ್ತದೆಂದು ಲೆಕ್ಕ ಹಾಕಿ.

ಅಳತೆಗೆ ಸ್ಕೇಲ್ ಪಟ್ಟಿಯನ್ನೇ ನಂಬಿ, ಅಂಕಿಯನ್ನಲ್ಲ. 1:100 ಎಂದು ಬರೆದಿದ್ದರೆ ಕಾಗದದ ಒಂದು ಸೆಂಟಿಮೀಟರು ನೆಲದ ಒಂದು ಮೀಟರು. ಆದರೆ ಗೋಡೆಗೆ ಹಾಕಿರುವುದು ಹಿಗ್ಗಿಸಿದ ಅಥವಾ ಕುಗ್ಗಿಸಿದ ಪ್ರತಿಯಾದರೆ ಆ ಅಂಕಿ ಸುಳ್ಳಾಗುತ್ತದೆ. ನಕ್ಷೆಯಲ್ಲೇ ಬರೆದ ಪಟ್ಟಿ ಮಾತ್ರ ನಕ್ಷೆಯ ಜೊತೆಗೇ ಹಿಗ್ಗಿ ಕುಗ್ಗಿ ಸತ್ಯವನ್ನೇ ಹೇಳುತ್ತಿರುತ್ತದೆ. ಪಟ್ಟಿಯೂ ಇಲ್ಲದಿದ್ದರೆ ಮೆಟ್ಟಿಲು ಎಣಿಸಿ. ಮನುಷ್ಯನ ಕಾಲು ಬದಲಾಗಿಲ್ಲವಾದ್ದರಿಂದ ನಡೆಯಲೆಂದು ಕಟ್ಟಿದ ಮೆಟ್ಟಿಲಿನ ಎತ್ತರ ಹೆಚ್ಚೂಕಡಿಮೆ 15ರಿಂದ 18 ಸೆಂಟಿಮೀಟರಿನ ಆಸುಪಾಸಿನಲ್ಲೇ ಇರುತ್ತದೆ. ಒಂದು ಅಂತಸ್ತಿಗೆ 30 ಮೆಟ್ಟಿಲು ಎಂದರೆ ಸುಮಾರು 5 ಮೀಟರು ಎತ್ತರದ ಸೂರು. ಎತ್ತಿದ ನಿಮ್ಮ ಕೈಗಿಂತ ದುಪ್ಪಟ್ಟು ಮೇಲೆ.

ಪ್ಲಾನ್‌ಗಿಂತ ನನಗೆ ಹೆಚ್ಚು ಪ್ರಿಯವಾದದ್ದು ಸೆಕ್ಷನ್. ಹಲಸಿನ ಹಣ್ಣನ್ನು ಉದ್ದಕ್ಕೆ ಸೀಳಿದಂತೆ ಕಟ್ಟಡವನ್ನು ಮೇಲಿನಿಂದ ಕೆಳಗೆ ಸೀಳಿ ತೋರಿಸುವ ನಕ್ಷೆ ಇದು. ಸ್ವತಃ ಆ ಕಟ್ಟಡಕ್ಕೇ ಹೋದರೂ ಕಾಣದ್ದನ್ನು ಇದು ತೋರಿಸುತ್ತದೆ. ಲಂಡನ್‌ನ ಸೇಂಟ್ ಪಾಲ್ ಚರ್ಚಿನ ಗುಮ್ಮಟವನ್ನೇ ತೆಗೆದುಕೊಳ್ಳಿ. ಒಳಗೆ ನಿಂತು ಕತ್ತೆತ್ತಿದರೆ ಒಂದು ಗುಮ್ಮಟ ಕಾಣುತ್ತದೆ, ಬೀದಿಯಿಂದ ನೋಡಿದರೂ ಒಂದು ಗುಮ್ಮಟ ಕಾಣುತ್ತದೆ, ಎರಡೂ ಒಂದೇ ಎಂದು ಎಲ್ಲರೂ ತಿಳಿಯುತ್ತಾರೆ. ಸೆಕ್ಷನ್ ನೋಡಿದಾಗ ಗುಟ್ಟು ರಟ್ಟಾಗುತ್ತದೆ. ಒಳಗಿನದು ಇಟ್ಟಿಗೆಯ ತಗ್ಗು ಗುಮ್ಮಟ. ಹೊರಗಿನದು ಮರದ ಚೌಕಟ್ಟಿಗೆ ಸೀಸದ ತಗಡು ಹೊದಿಸಿದ ಎತ್ತರದ ಗುಮ್ಮಟ. ಇವೆರಡರ ನಡುವೆ ಯಾರ ಕಣ್ಣಿಗೂ ಬೀಳದಂತೆ ಇಟ್ಟಿಗೆಯದೊಂದು ಶಂಕು ನಿಂತಿದೆ. ತುದಿಯಲ್ಲಿರುವ ಕಲ್ಲಿನ ಶಿಖರದ ಭಾರವನ್ನೆಲ್ಲ ಹೊತ್ತಿರುವುದು ಅದು. ಒಳಗಿನವರಿಗೆ ಹಿತವಾದ ಎತ್ತರ ಬೇಕು, ಊರಿಗೆ ದೂರದಿಂದ ಕಾಣುವ ಎತ್ತರ ಬೇಕು, ಭಾರ ನೆಲಕ್ಕಿಳಿಯಲು ನೇರ ದಾರಿ ಬೇಕು. ಮೂರು ಬೇಡಿಕೆಗೆ ಅದರ ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ಮೂರು ಗುಮ್ಮಟ ಕೊಟ್ಟ. ಯಾವ ಸೆಕ್ಷನ್ ಸಿಕ್ಕರೂ ಇದೇ ಪ್ರಶ್ನೆ ಹಾಕಿ: ಮೇಲಿನ ಕಲ್ಲಿನ ಭಾರ ಯಾವ ದಾರಿಯಲ್ಲಿ ಮಣ್ಣಿಗಿಳಿಯುತ್ತಿದೆ? ಕಣ್ಣು ಆ ದಾರಿ ಹಿಡಿದು ಇಳಿಯಲಿ. ಕಮಾನಿನಿಂದ ಕಂಬಕ್ಕೆ, ಕಂಬದಿಂದ ಅಡಿಪಾಯಕ್ಕೆ.

ಮೂಲ ನಕ್ಷೆಗಳ ಕೋಣೆ ಮಬ್ಬಾಗಿರುತ್ತದೆ. ಬೆಳಕು ಶಾಯಿಯನ್ನೂ ಬಣ್ಣವನ್ನೂ ತಿಂದುಹಾಕುತ್ತದಾದ್ದರಿಂದ ಕಾಗದದ ವಸ್ತುಗಳಿಗೆ ಸಾಮಾನ್ಯವಾಗಿ 50 ಲಕ್ಸ್‌ನಷ್ಟೇ (ಲಕ್ಸ್ ಎಂದರೆ ಬೆಳಕಿನ ಅಳತೆ) ಬೆಳಕು ಬಿಡುತ್ತಾರೆ. ಕಣ್ಣು ಹೊಂದಿಕೊಳ್ಳುವವರೆಗೆ ಸುಮ್ಮನೆ ನಿಲ್ಲಿ. ಆಮೇಲೆ ಗೆರೆಗಳನ್ನು ಬಿಟ್ಟು ಕಾಗದವನ್ನೇ ಓರೆಯಾಗಿ ನೋಡಿ. ಕಮಾನು ಬರೆದಿದ್ದರೆ ಅದರ ಕೆಳಗೆ ಎಲ್ಲೋ ಒಂದು ಸೂಜಿಮೊನೆಯ ತೂತು ಇರುತ್ತದೆ: ಕೈವಾರದ ಕಾಲು ಊರಿದ ಜಾಗ. ಒಂದೇ ತೂತಾದರೆ ಅರ್ಧವೃತ್ತದ ಕಮಾನು, ಎರಡಾದರೆ ಚೂಪು ಕಮಾನು. ಗೋಡೆಯ ಮೂಲೆಮೂಲೆಗೂ ಸಣ್ಣ ತೂತುಗಳು ಕಂಡರೆ ಆ ಹಾಳೆಯಿಂದ ಪ್ರತಿ ತೆಗೆದಿದ್ದಾರೆ ಎಂದು ಊಹಿಸಬಹುದು. ಕೆಳಗೆ ಬೇರೆ ಹಾಳೆ ಇಟ್ಟು ಸೂಜಿಯಿಂದ ಚುಚ್ಚಿ ಬಿಂದುಗಳನ್ನು ದಾಟಿಸುತ್ತಿದ್ದರು. ಶಾಯಿ ಇಲ್ಲದೆ ಮೊನೆಯಿಂದ ಬರಿದೇ ಗೀರಿದ ಗೆರೆಗಳೂ ಇರುತ್ತವೆ, ಬೆಳಕು ಅಡ್ಡ ಬಿದ್ದಾಗ ಮಾತ್ರ ಅವು ಎದ್ದು ಕಾಣುತ್ತವೆ. ಇಂಥ ಒಂದು ಹಾಳೆಯ ಮುಂದೆ ನಾನು ಎಷ್ಟು ಹೊತ್ತು ಬೇಕಾದರೂ ನಿಲ್ಲಬಲ್ಲೆ. ಇನ್ನೂರು ಮುನ್ನೂರು ವರ್ಷದ ಹಿಂದೆ ಯಾವನೋ ಒಬ್ಬ ಸಹಾಯಕ ಮೇಜಿನ ಮೇಲೆ ಬಗ್ಗಿ, ಕೈವಾರವನ್ನು ಇಲ್ಲೇ ಊರಿ, ಉಸಿರು ಬಿಗಿಹಿಡಿದು ತಿರುಗಿಸಿದ್ದಾನೆ. ಅವನ ಹೆಸರು ಯಾವ ಫಲಕದಲ್ಲೂ ಇಲ್ಲ, ತೂತು ಮಾತ್ರ ಇದೆ.

ನೀಲಿ ಹಾಳೆಯ ಮೇಲೆ ಬಿಳಿ ಗೆರೆಯ ನಕ್ಷೆ ಕಂಡರೆ ಅದು ಬ್ಲೂಪ್ರಿಂಟ್. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ, ಕಬ್ಬಿಣದ ಲವಣಗಳು ಬೆಳಕಿಗೆ ನೀಲಿಯಾಗುವ ವಿಧಾನ. ಇಂಥ ಪ್ರತಿಗಳು ಕೆಲಸದ ಜಾಗಕ್ಕೆ ಹೋದವು. ಮಡಿಕೆ, ಕಲೆ, ಬದಿಯಲ್ಲಿ ಅವಸರದಲ್ಲಿ ಗೀಚಿದ ಅಂಕಿ ಇದ್ದರೆ ಅವನ್ನೂ ಓದಿ.

ಮಾದರಿಯ ಹತ್ತಿರ ಹೋದಾಗ ಮೇಲಿನಿಂದ ನೋಡಿ ತೃಪ್ತರಾಗಬೇಡಿ. ಹಾಗೆ ಕಾಣುವುದು ಹಕ್ಕಿಗೆ. ಮಂಡಿ ಬಗ್ಗಿಸಿ, ಮಾದರಿಯ ಬಾಗಿಲಿನ ಮಟ್ಟಕ್ಕೆ ಕಣ್ಣು ತಂದು, ಒಂದು ಕಣ್ಣು ಮುಚ್ಚಿ. ಎರಡು ಕಣ್ಣಿಗೆ ಅದು ಆಟಿಕೆ ಎಂದು ಗೊತ್ತಾಗಿಬಿಡುತ್ತದೆ, ಒಂದು ಕಣ್ಣಿಗೆ ಅಷ್ಟು ಸುಲಭವಾಗಿ ಗೊತ್ತಾಗುವುದಿಲ್ಲ. ಮೆಟ್ಟಿಲು ದೊಡ್ಡದಾಗುತ್ತದೆ, ಕಂಬಗಳ ನಡುವೆ ದಾರಿ ತೆರೆಯುತ್ತದೆ. ಮೊಬೈಲನ್ನು ತಲೆಕೆಳಗಾಗಿ ಹಿಡಿದು ಕ್ಯಾಮೆರಾ ಕಣ್ಣನ್ನು ನೆಲಮಟ್ಟಕ್ಕೆ ತಂದರೂ ಇದೇ ಪರಿಣಾಮ ಸಿಗುತ್ತದೆ, ಫ್ಲಾಷ್ ಆರಿಸಿರಬೇಕು ಅಷ್ಟೇ.

ಮಾದರಿಯನ್ನು ಯಾವುದರಿಂದ ಮಾಡಿದ್ದಾರೆ ಎಂಬುದೂ ಮಾತನಾಡುತ್ತದೆ. ಸೋನ್ ಸಂಗ್ರಹದಲ್ಲಿ ಪ್ರಾಚೀನ ಕಟ್ಟಡಗಳ ಎರಡು ಬಗೆಯ ಮಾದರಿಗಳಿವೆ, ಬೆಂಡಿನವು ಮತ್ತು ಪ್ಲಾಸ್ಟರಿನವು. ಬಾಟಲಿಯ ಬಿರಡೆಗೆ ಬಳಸುವ ಅದೇ ಕಾರ್ಕ್ ಬೆಂಡು. ಅದರ ಮೈತುಂಬ ಇರುವ ಸಣ್ಣ ಕುಳಿಗಳು ಮಳೆ ಗಾಳಿಗೆ ಸವೆದ ಕಲ್ಲಿನಂತೆಯೇ ಕಾಣುತ್ತವೆ, ಆದ್ದರಿಂದ ಪಾಳುಬಿದ್ದ ಗುಡಿಗಳನ್ನು ಇದ್ದದ್ದು ಇದ್ದಂತೆ ತೋರಿಸಲು ಬೆಂಡು ಹೇಳಿ ಮಾಡಿಸಿದ ವಸ್ತು. ಪ್ಲಾಸ್ಟರ್ ನುಣುಪು, ಬಿಳಿ. ಅದೇ ಕಟ್ಟಡಗಳು ಹೊಸದಾಗಿದ್ದಾಗ ಹೇಗಿದ್ದವು ಎಂಬ ಕಲ್ಪನೆಗೆ ಅದು ಒಗ್ಗಿತು. ಒಂದರಲ್ಲಿ ಕಂಡದ್ದು, ಇನ್ನೊಂದರಲ್ಲಿ ಊಹಿಸಿದ್ದು. ಯಾವ ಮಾದರಿಯ ಮುಂದೆ ನಿಂತರೂ ಈ ಭೇದ ನೆನಪಿರಲಿ, ಏಕೆಂದರೆ ಪುನರ್ರಚಿಸಿದ ಮಾದರಿಗಳು ತಮ್ಮ ಊಹೆಯನ್ನು ತಾವಾಗಿ ಒಪ್ಪಿಕೊಳ್ಳುವುದಿಲ್ಲ.

ಕಟ್ಟದೇ ಹೋದ ಕಟ್ಟಡಗಳ ಮಾದರಿ ಸಿಕ್ಕರೆ ಬಿಡಬೇಡಿ. ರೆನ್ ಸೇಂಟ್ ಪಾಲ್‌ಗೆಂದು 1673–74ರಲ್ಲಿ ಓಕ್ ಮರದಲ್ಲಿ ಮಾಡಿಸಿದ ಮಹಾಮಾದರಿ 6 ಮೀಟರಿಗೂ ಹೆಚ್ಚು ಉದ್ದವಿದೆ, ಈಗಲೂ ಆ ಚರ್ಚಿನಲ್ಲೇ ಇದೆ. ಪಾದ್ರಿಗಳಿಗೆ ಅದು ಒಪ್ಪಿಗೆಯಾಗಲಿಲ್ಲ. ರೋಮ್‌ನ ಸಂತ ಪೀಟರ್ ಚರ್ಚಿಗೆ ವಾಸ್ತುಶಿಲ್ಪಿ ಸಾಂಗಾಲ್ಲೋ 1539ರಿಂದ 1546ರವರೆಗೆ ಮಾಡಿಸಿದ ಮರದ ಮಾದರಿ ಇನ್ನೂ ದೊಡ್ಡದು, 7 ಮೀಟರು ದಾಟುತ್ತದೆ. ಅವನು ಸತ್ತ ಮೇಲೆ ಬಂದ ಮೈಕೆಲೆಂಜೆಲೊ ಆ ವಿನ್ಯಾಸವನ್ನು ಬದಿಗೆ ಸರಿಸಿದ. ನಿಂತಿರುವ ಕಟ್ಟಡ ಹೀಗೆಯೇ ಆಗಬೇಕಿತ್ತು ಎಂದು ನಮಗೆ ಅನ್ನಿಸಿಬಿಡುತ್ತದೆ. ಈ ಮಾದರಿಗಳ ಮುಂದೆ ನಿಂತಾಗ ಅದು ಬೇರೆ ರೀತಿಯೂ ಆಗಬಹುದಿತ್ತು ಎಂದು ಗೊತ್ತಾಗುತ್ತದೆ.

ಅಚ್ಚುಗಳ ವಿಷಯಕ್ಕೆ ಬಂದರೆ, 'ಬರೀ ನಕಲು' ಎಂದು ಮೂಗು ಮುರಿಯುವವರನ್ನು ಕಂಡಾಗ ನನಗೆ ನೋವಾಗುತ್ತದೆ. ಲಂಡನ್‌ನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದ ಅಚ್ಚುಗಳ ಅಂಗಳ 1873ರಲ್ಲಿ ತೆರೆಯಿತು. ಅಲ್ಲಿ ರೋಮ್‌ನ ಟ್ರಾಜನ್ ಚಕ್ರವರ್ತಿಯ ವಿಜಯಸ್ತಂಭದ ಅಚ್ಚಿದೆ. 30 ಮೀಟರಿಗೂ ಮೀರಿದ ಸ್ತಂಭ ಛಾವಣಿಯಡಿ ಹಿಡಿಯದೆ, ಎರಡು ತುಂಡಾಗಿ ಅಕ್ಕಪಕ್ಕ ನಿಲ್ಲಿಸಿದ್ದಾರೆ. ರೋಮ್‌ನಲ್ಲಿ ನೆಲದ ಮೇಲೆ ನಿಂತವನಿಗೆ ಆ ಸ್ತಂಭದ ಮೇಲ್ಭಾಗದ ಶಿಲ್ಪಗಳು ಬರಿಗಣ್ಣಿಗೆ ನಿಲುಕುವುದಿಲ್ಲ. ಇಲ್ಲಿ ಅದೇ ಮೇಲರ್ಧ ನೆಲಕ್ಕಿಳಿದಿದೆ. ಪೀಠದೊಳಗೆ ಹೊಕ್ಕರೆ ಪ್ಲಾಸ್ಟರನ್ನು ಹಿಡಿದಿಟ್ಟಿರುವ ಇಟ್ಟಿಗೆಯ ಗೋಪುರವೂ ಕಾಣುತ್ತದೆ. ಸಾಂಚಿಯ ಪೂರ್ವ ತೋರಣದ ಅಚ್ಚನ್ನು ಹೆನ್ರಿ ಹಾರ್ಡಿ ಕೋಲ್ ಎಂಬ ಅಧಿಕಾರಿ 1869ರಲ್ಲಿ ತೆಗೆಸಿ ಲಂಡನ್‌ಗೆ ಸಾಗಿಸಿದ್ದ. ಮೂಲ ಶಿಲ್ಪಗಳು ಬಯಲಿನಲ್ಲಿ ಹೊಗೆ ಮಳೆಗೆ ಸವೆಯುತ್ತಿರುವಾಗ, ನೂರೈವತ್ತು ವರ್ಷದ ಹಿಂದಿನ ಅಚ್ಚು ಅಂದಿನ ಮುಖವನ್ನು ಹಾಗೇ ಹಿಡಿದಿಟ್ಟಿರುತ್ತದೆ. ಅಚ್ಚಿನ ಮೇಲೆ ತೆಳ್ಳಗಿನ ಉಬ್ಬು ಗೆರೆಗಳನ್ನು ಹುಡುಕಿ. ಕೆನ್ನೆಯ ಮೇಲೆ, ಸೀರೆಯ ನೆರಿಗೆಯಂಥ ಬಟ್ಟೆಯ ಮಡಿಕೆಗಳಲ್ಲಿ ಅಡ್ಡ ಹಾಯುವ ಆ ಗೆರೆಗಳು ಅಚ್ಚಿನ ತುಂಡುಗಳು ಕೂಡಿದ ಬೆಸುಗೆ. ಅವನ್ನು ಅನುಸರಿಸಿದರೆ ಒಂದು ಮುಖಕ್ಕೆ ಎಷ್ಟು ತುಂಡು ಬೇಕಾಯಿತೆಂದು ಎಣಿಸಬಹುದು. ಅಚ್ಚಿನ ಹಿಂಬದಿ ಕಾಣುವಂತಿದ್ದರೆ ಅಲ್ಲಿಗೂ ಹೋಗಿ.

ನಿಜವಾದ ಕಲ್ಲಿನ ತುಂಡುಗಳ ಮುಂದೆ ಒಂದೇ ಪ್ರಶ್ನೆ: ಇದು ಮೊದಲು ಎಷ್ಟು ಎತ್ತರದಲ್ಲಿತ್ತು? ಕಣ್ಣಿನ ಮಟ್ಟದಲ್ಲಿ ಇಟ್ಟಿರುವ, ಕಂಬದ ತಲೆಯ ಮೇಲಿನ ಬೋದಿಗೆ ಒರಟಾಗಿ, ಆಳವಾಗಿ ಕೊರೆದಂತೆ ಕಂಡರೆ ಶಿಲ್ಪಿಯ ಕೈ ಒರಟೆಂದುಕೊಳ್ಳಬೇಡಿ. ಹತ್ತು ಮೀಟರು ಮೇಲಿನಿಂದ ಅದು ಕೆಳಗಿನವರಿಗೆ ಕಾಣಬೇಕಿತ್ತು. ಸಾಧ್ಯವಾದರೆ ಕೆಳಗೆ ಕುಳಿತು ಮೇಲೆ ನೋಡಿ.

ಪೂರ್ಣ ಗಾತ್ರದ ಕೋಣೆ ಎಲ್ಲಾದರೂ ಇದ್ದರೆ ಅಲ್ಲಿಗೆ ದಣಿಯುವ ಮೊದಲೇ ಹೋಗಿ. ಪ್ಯಾರಿಸ್‌ನ ಸಂಗ್ರಹಾಲಯದಲ್ಲಿ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ಫ್ರಾನ್ಸಿನ ಮಾರ್ಸೇ ನಗರದಲ್ಲಿ ಕಟ್ಟಿದ ವಸತಿ ಸಮುಚ್ಚಯದ ಒಂದು ಮನೆಯನ್ನು ನಿಜಗಾತ್ರದಲ್ಲಿ ಮಾಡಿಟ್ಟಿದ್ದಾರೆ. 1952ರಲ್ಲಿ ಮುಗಿದ ಆ ಕಟ್ಟಡದ ತಗ್ಗು ಭಾಗಗಳಲ್ಲಿ ಸೂರು 2.26 ಮೀಟರು. ಆರು ಅಡಿ, ಅಂದರೆ 1.83 ಮೀಟರಿನ ಮನುಷ್ಯ ಕೈ ಎತ್ತಿದಾಗ ಮುಟ್ಟುವ ಎತ್ತರ ಅದು; ಕಾರ್ಬೂಸಿಯೆ ತನ್ನ ಅಳತೆಗಳನ್ನೆಲ್ಲ ಈ ಮನುಷ್ಯನಿಂದ ಲೆಕ್ಕ ಹಾಕಿದ. ಅಲ್ಲಿ ಕೈ ಎತ್ತಿ ನೋಡಿ. ಐದಡಿಯ ನನ್ನಂಥವಳ ಬೆರಳ ತುದಿಗೂ ಸೂರಿಗೂ ನಡುವೆ ಒಂದು ಗೇಣಿಗಿಂತ ಹೆಚ್ಚು ಜಾಗ ಉಳಿಯುತ್ತದೆ. ಯಾರ ಮೈಯನ್ನು ಅಳತೆಗೋಲು ಮಾಡಿಕೊಂಡು ಮನೆ ಕಟ್ಟುತ್ತಾರೆ ಎಂಬ ಪ್ರಶ್ನೆ ನನ್ನನ್ನು ಹಿಡಿದದ್ದು ಈ 2.26ರಿಂದಲೇ. ಆಮೇಲೆ ಎರಡಂತಸ್ತಿನ ಎತ್ತರಕ್ಕೆ ತೆರೆದುಕೊಳ್ಳುವ ಹಜಾರಕ್ಕೆ ಬನ್ನಿ, ಎದೆ ಹಗುರಾಗುತ್ತದೆ. ತಗ್ಗಿನಿಂದ ಎತ್ತರಕ್ಕೆ ಬರುವ ಈ ಬದಲಾವಣೆಯನ್ನು ಯಾವ ನಕ್ಷೆಯೂ ಮೈಗೆ ತಿಳಿಸಲಾರದು.

ಫಲಕಗಳನ್ನು ನೋಡಿದ ಮೇಲೆ ಓದಿ, ಮೊದಲೇ ಅಲ್ಲ. ಮಕ್ಕಳಿದ್ದರೆ ಮಾದರಿಗಳ ಕಡೆಗೆ ಬಿಡಿ, ಬಾಗಿಲಿನ ಮಟ್ಟಕ್ಕೆ ಅವರ ಕಣ್ಣು ತಾನಾಗಿಯೇ ಇರುತ್ತದೆ. ಕೋಣೆ ಕಾಯುವ ಸಿಬ್ಬಂದಿಯನ್ನು ಮಾತನಾಡಿಸಿ. ಯಾವ ಹೊತ್ತಿಗೆ ಯಾವ ಶಿಲ್ಪಕ್ಕೆ ಬೆಳಕು ಬೀಳುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಸಂಗ್ರಹಾಲಯದ ಹತ್ತಿರದಲ್ಲೇ ಅದು ವಿವರಿಸುವ ಕಟ್ಟಡಗಳಿದ್ದರೆ ಎರಡನ್ನೂ ಒಂದೇ ಪ್ರಯಾಣದಲ್ಲಿ ನೋಡಿ. ಚಂಡೀಗಢ ಇದಕ್ಕೆ ಒಳ್ಳೆಯ ಜಾಗ. ಅಲ್ಲಿನ ಸೆಕ್ಟರ್ 10ರ ವಾಸ್ತುಶಿಲ್ಪ ಸಂಗ್ರಹಾಲಯದಲ್ಲಿ ಆ ನಗರ ರೂಪುಗೊಂಡ ಕಥೆ ನಕ್ಷೆ, ಮಾದರಿ, ಪತ್ರಗಳ ರೂಪದಲ್ಲಿದೆ. ಮೊದಲು ಅಮೆರಿಕದ ಆಲ್ಬರ್ಟ್ ಮೇಯರ್ ಬೀಸಣಿಗೆಯಾಕಾರದ ಬಾಗು ರಸ್ತೆಗಳ ನಗರ ಯೋಜಿಸಿದ್ದ; ಅವನ ಜೊತೆಗಾರ ಮ್ಯಾಥ್ಯೂ ನೊವಿಟ್ಸ್ಕಿ 1950ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಮೇಲೆ ಕೆಲಸ ಕಾರ್ಬೂಸಿಯೆಯ ಕೈಗೆ ಬಂದು, ರಸ್ತೆಗಳು ನೇರವಾದವು. ಬೆಳಿಗ್ಗೆ ಈ ಕಥೆಯನ್ನು ಓದಿ, ಮಧ್ಯಾಹ್ನ ಅದೇ ರಸ್ತೆಗಳಲ್ಲಿ ನಡೆದು ನೋಡಿ.

ಕಟ್ಟಡ ಉಳಿದಿಲ್ಲದಿದ್ದರೆ? ಸೋನ್ 45 ವರ್ಷ ದುಡಿದ ಬ್ಯಾಂಕ್ ಆಫ್ ಇಂಗ್ಲೆಂಡ್‌ನ ಒಳಾಂಗಣಗಳನ್ನು 1920–30ರ ದಶಕಗಳಲ್ಲಿ ಬಹುಪಾಲು ಕೆಡವಿ ಹೊಸದು ಕಟ್ಟಿದರು. ಅದಕ್ಕೂ ಎಷ್ಟೋ ಮೊದಲು, 1830ರಲ್ಲಿ, ಸೋನ್‌ನ ಚಿತ್ರಕಾರ ಜೋಸೆಫ್ ಗ್ಯಾಂಡಿ ಆ ಬ್ಯಾಂಕನ್ನು ಪಾಳುಬಿದ್ದಂತೆ ಚಿತ್ರಿಸಿದ್ದ: ಛಾವಣಿ ಹಾರಿಹೋಗಿ ಕೋಣೆಗಳೆಲ್ಲ ಬಯಲಾದಂತೆ. ಅದು ಪಾಳು ಕಟ್ಟಡದ ಚಿತ್ರವೂ ಹೌದು, ಒಳಗನ್ನು ಬಿಡಿಸಿ ತೋರಿಸುವ ನಕ್ಷೆಯೂ ಹೌದು. ಸೋನ್ ಮನೆಯಲ್ಲಿ 30,000ದಷ್ಟು ವಾಸ್ತು ನಕ್ಷೆಗಳಿವೆ, ಗೋಡೆಯ ಮೇಲಿರುವುದು ಅವುಗಳಲ್ಲಿ ಕೆಲವೇ ಕೆಲವು. ಉಳಿದವನ್ನು ನೋಡಬೇಕೆಂದರೆ ಮುಂಚಿತವಾಗಿ ಬರೆದು ಅಧ್ಯಯನ ಕೋಣೆಯಲ್ಲಿ ಸಮಯ ಕೇಳಬೇಕು. ದೊಡ್ಡ ಸಂಗ್ರಹಗಳಲ್ಲಿ ಸಾಮಾನ್ಯವಾಗಿ ಇಂಥ ಅನುಕೂಲ ಇರುತ್ತದೆ. ಕೇಳುವಾಗ 'ಎಲ್ಲ ತೋರಿಸಿ' ಎನ್ನದೆ ಒಂದು ಕಟ್ಟಡದ ಹೆಸರು, ಸಾಧ್ಯವಾದರೆ ಹಾಳೆಯ ಸಂಖ್ಯೆ ಬರೆಯಿರಿ, ಏಕೆ ನೋಡಬೇಕೆಂದಿದ್ದೀರಿ ಎಂದು ಎರಡು ಸಾಲು ಸೇರಿಸಿ, ಕೈ ತೊಳೆದು ಒರೆಸಿಕೊಂಡು ಹೋಗಿ.